ಏಳನೇ ನಂಬರಿನ ಬಿಳಿ

"ಆ ಬಟ್ಟೆ ಬ್ಯಾಡ, ತೆಗೀರಿ," ಎಂದು ಯಮುನಮ್ಮ ಗಂಡನ ಹೆಣದ ಮೇಲೆ ಹೊದಿಸುತ್ತಿದ್ದ ಹೊಸ ಬಟ್ಟೆಯ ಅಂಚು ಹಿಡಿದೆಳೆದಳು.

ಹೊದಿಸುತ್ತಿದ್ದ ಇಬ್ಬರು ಗಂಡಸರೂ ಮುಖ ಮುಖ ನೋಡಿಕೊಂಡರು. ಪಕ್ಕದ ಮನೆಯ ಬೆಳ್ಳಮ್ಮ ಓಡಿ ಬಂದು ಅವಳ ಭುಜ ಹಿಡಿದಳು.

"ಬಿಳೀ ಬಟ್ಟೇನೆ ತಂದಿದಾರಲ್ಲೇ ಮಾರಾಯ್ತಿ. ಇನ್ನೆಂತ ಬೇಕು?"

"ನೀಲಿ ಹೊಡೀತದೆ. ಅವ್ರಿಗೆ ನೀಲಿ ಹೊಡೆಯೋ ಬಿಳಿ ಕಂಡ್ರೆ ಆಗ್ತಿರ್ಲಿಲ್ಲ."

ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದವರು ಮೆಚ್ಚಿಕೆಯಿಂದ ತಲೆಯಾಡಿಸಿದರು. ತೀರ್ಥಹಳ್ಳಿಯ ಪೇಂಟರ್ ಹೂವಪ್ಪನ ಹೆಂಡತಿ ಅಂದರೆ ಹೀಗೇ ಇರಬೇಕು ಎನ್ನುವ ಹಾಗಿತ್ತು ಅವರ ಮುಖ. ಯಮುನಮ್ಮನಿಗೆ ಆ ಮೆಚ್ಚಿಕೆ ನೋಡಿ ಮೈಯೆಲ್ಲ ಉರಿಯಿತು. ಅಂಚು ಬಿಟ್ಟುಬಿಟ್ಟಳು. ಬಟ್ಟೆ ನೀಲಿಯೋ ಹಳದಿಯೋ ಎಂಬುದು ಮೂರು ವರ್ಷದಿಂದ ಅವನ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಆ ಸಂಗತಿ ಇಷ್ಟು ಜನರಲ್ಲಿ ಬಲ್ಲವಳು ಅವಳೊಬ್ಬಳೇ.

ಹೂವಪ್ಪ ನಿನ್ನೆ ಸಂಜೆ ಐದು ಗಂಟೆಗೆ ಮೆಟ್ಟಿಲ ಮೇಲೆ ಕೂತು ಎದೆ ಒತ್ತಿಕೊಂಡ. ನೀರು ಕೇಳಿದ. ಅವಳು ನೀರು ತರುವಷ್ಟರಲ್ಲಿ ಗೋಡೆಗೆ ಒರಗಿದ್ದ. ಎರಡು ದಿನದಿಂದ ಎದೆ ಉರಿ ಅನ್ನುತ್ತ ಕೆಲಸಕ್ಕೂ ಹೋಗಿರಲಿಲ್ಲ. ಅರವತ್ತೊಂದು ವರ್ಷ. ಸಾಗರಕ್ಕೆ ಕೊಟ್ಟಿದ್ದ ಮಗಳು ಕವನಾ ಬೆಳಗಿನ ಬಸ್ಸಿಗೇ ಬಂದು ಅಪ್ಪನ ಕಾಲ ಹತ್ತಿರ ಕೂತಿದ್ದಳು. ಇನ್ನು ಹೊರಡಿಸುವುದೊಂದೇ ಬಾಕಿ.

ಬಣ್ಣದ ಅಂಗಡಿಯ ರವೀಂದ್ರ ಹಾರ ಹಾಕಿ, ಕೈಮುಗಿದು, ಎಲ್ಲರಿಗೂ ಕೇಳಿಸುವಂತೆ ಗಂಟಲು ಸರಿಮಾಡಿಕೊಂಡರು.

"ಮೂರು ತಾಲ್ಲೂಕಲ್ಲಿ ಇಂಥಾ ಕಣ್ಣು ಇನ್ನೊಂದಿಲ್ಲ. ನಮ್ಮ ಶೇಡ್ ಕಾರ್ಡಲ್ಲಿ ಬಿಳೀದೇ ನಲವತ್ತು ಇದಾವೆ, ನಂಗೇ ಒಂದಕ್ಕೊಂದು ವ್ಯತ್ಯಾಸ ಕಾಣಲ್ಲ. ಹೂವಪ್ಪ ಹೆಸರು ಮುಚ್ಚಿಟ್ಕಂಡೂ ಯಾವ್ದು ಯಾವ್ದು ಅಂತ ಬೆರಳಿಟ್ಟು ತೋರಿಸ್ತಿದ್ದ. ಇಂಥ ಕಣ್ಣು ಸುಡೋದು ಅನ್ಯಾಯ. ದಾನ ಮಾಡಿಸ್ಬಹುದಿತ್ತು."

"ಹೌದಲ್ಲಮ್ಮ," ಎಂದಳು ಕವನಾ, ಅಳುತ್ತಲೇ. "ನಂಗೆ ಹೊಳೀಲೇ ಇಲ್ಲ."

ಯಮುನಮ್ಮ ಸೆರಗು ಬಾಯಿಗೆ ಒತ್ತಿ ಹಿಡಿದಳು. ದುಃಖ ತಡೆಯಲಾರದೆ ಹಾಗೆ ಮಾಡಿದಳೆಂದು ಬೆಳ್ಳಮ್ಮ ಬೆನ್ನು ಸವರಿದಳು. ನಿಜಕ್ಕೂ ಅವಳು ತಡೆದದ್ದು ನಗುವನ್ನು. ಆ ಕಣ್ಣು ತೆಗೆದುಕೊಂಡವನಿಗೆ ಅದರ ಪೊರೆಯೂ ಬಿಟ್ಟಿ ಎಂದು ಹೇಳಿಬಿಡುವಷ್ಟು ನಗು ಬಂದಿತ್ತು.

*

ಮದುವೆಯಾದ ವರ್ಷವೇ ಅವನು ಅವಳನ್ನು ಕಾರ್ಗಲ್ಲಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ವಿದ್ಯುತ್ ಯೋಜನೆಯವರ ಕ್ವಾರ್ಟರ್ಸುಗಳಿಗೆ ಸುಣ್ಣ ಹೊಡೆಯುವ ಕೆಲಸ. ಸಾಲು ಸಾಲು ಮನೆ, ಎಲ್ಲಕ್ಕೂ ಅದೇ ಸುಣ್ಣ, ಅದಕ್ಕೊಂದು ಚಿಟಿಕೆ ನೀಲಿ. ಆ ಚಿಟಿಕೆಯ ಬಗ್ಗೆಯೇ ಹೂವಪ್ಪ ಮೇಸ್ತ್ರಿಯ ಜೊತೆ ಜಗಳ ತೆಗೆದ. ಸುಣ್ಣ ತಾನಾಗಿಯೇ ಬಿಳಿ, ನೀಲಿ ಹಾಕಿ ಅದರ ಮಾನ ಯಾಕೆ ಕಳೀತೀರಿ ಎಂದು. ಮೇಸ್ತ್ರಿ ಅವನನ್ನು ಹುಚ್ಚ ಅಂದ. ಯಮುನಮ್ಮನಿಗೂ ಹಾಗೇ ಅನಿಸಿತ್ತು.

ಆಮೇಲೆ ಡಿಸ್ಟೆಂಪರ್ ಬಂತು, ಎಮಲ್ಷನ್ ಬಂತು, ಬಿಳಿಗೆ ನಲವತ್ತು ಇಂಗ್ಲಿಷ್ ಹೆಸರು ಬಂದವು. ಹೂವಪ್ಪ ಒಂದನ್ನೂ ಬಾಯಲ್ಲಿ ಆಡಲಿಲ್ಲ. ಅವನ ಲೆಕ್ಕದಲ್ಲಿ ಇದ್ದದ್ದು ಅನ್ನದ ಬಿಳಿ, ಗಂಜಿ ಬಿಳಿ, ಹತ್ತಿ ಬಿಳಿ, ಮೊಟ್ಟೆ ಬಿಳಿ, ಬೂದಿ ಬಿಳಿ. ಕಂಪನಿಯ ಡಬ್ಬಿಯನ್ನು ಎಂದೂ ಹಾಗೆಯೇ ಬಳಿದವನಲ್ಲ. ಹಳದಿ, ಕಪ್ಪು, ಕೆಮ್ಮಣ್ಣಿನ ಬಣ್ಣದ ಸಣ್ಣ ಟ್ಯೂಬುಗಳಿಂದ ಹನಿ ಹನಿ ಹಾಕಿ, ಕೋಲಿನಿಂದ ತಿರುವಿ, ಗೋಡೆಗೆ ಅಂಗೈಯಗಲ ಹಚ್ಚಿ, ಬೆಳಿಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ನೋಡಿ ಹೇಳುತ್ತಿದ್ದ. ಬಡಗಣ ಕಿಟಕಿಯ ಕೋಣೆಗೆ ಹತ್ತಿ ಬಿಳಿ ಹೊಡೆದರೆ ಮಟಮಟ ಮಧ್ಯಾಹ್ನವೂ ಆಸ್ಪತ್ರೆಯ ಹಾಗೆ ಕಾಣುತ್ತದೆ, ಅಲ್ಲಿಗೆ ಗಂಜಿ ಬಿಳಿಯೇ ಆಗಬೇಕು ಎನ್ನುತ್ತಿದ್ದ. ಅವನು ಹೇಳಿದ ಹಾಗೆಯೇ ಆಗುತ್ತಿತ್ತು.

ಮನೆ ಮಾಲೀಕರೆಂದರೆ ಅವನಿಗೆ ಕಾಲ ಕಸ. ಸಿಗಂದೂರಿನ ದಾರಿಯಲ್ಲಿ ಲಾಡ್ಜ್ ಕಟ್ಟಿಸಿದವನೊಬ್ಬ, "ಬಿಳಿ ಅಂದ್ರೆ ಬಿಳಿ, ಅದ್ರಲ್ಲೆಂತ?" ಎಂದಿದ್ದಕ್ಕೆ, ಸಂಜೆ ಬಸ್ಸಿನಲ್ಲಿ ಹೂವಪ್ಪ ಹೆಂಡತಿಯ ಕಿವಿಯಲ್ಲಿ ಹೇಳಿದ್ದ:

"ಇವ್ನು ಹೆಣ್ಣು ನೋಡಕ್ಕೆ ಹೋದಾಗ್ಲೂ ಹೆಂಗ್ಸು ಅಂದ್ರೆ ಹೆಂಗ್ಸು ಅಂದಿರ್ತಾನೆ. ನೋಡಿದ್ಯಲ್ಲ, ಸಿಕ್ಕಿದ್ದು ಹಂಗೇ ಇದೆ."

ಅವರಿಬ್ಬರ ಸಂಸಾರ ನಿಂತಿದ್ದೇ ಈ ತಾತ್ಸಾರದ ಮೇಲೆ. ಬೇರೆ ಗಂಡ ಹೆಂಡತಿ ಸಂಜೆ ಏನು ಮಾತಾಡುತ್ತಾರೋ, ಇವರು ಮಾಲೀಕರನ್ನು ಆಡಿಕೊಂಡು ನಗುತ್ತ ಮನೆ ಸೇರುತ್ತಿದ್ದರು. ಆದರೆ ಆ ತಾತ್ಸಾರದಲ್ಲಿ ಅವಳಿಗೂ ಒಂದು ಪಾಲಿತ್ತು. ಉಪ್ಪುಕಾಗದ ತಿಕ್ಕುವುದು, ಪುಟ್ಟಿ ಬಳಿಯುವುದು, ಮೊದಲನೇ ಕೈ ಹೊಡೆಯುವುದು ಅವಳ ಕೆಲಸ. ಕೊನೆಯ ಕೈಗೆ ಬ್ರಷ್ ಕೊಡುತ್ತಿರಲಿಲ್ಲ.

"ನಿಂಗೆ ಬಿಳಿ ಕಾಣಲ್ಲ ಕಣೇ," ಎನ್ನುತ್ತಿದ್ದ. "ನಿಂಗೆ ಕೊಳೆ ಇಲ್ದಿದ್ದೆಲ್ಲ ಬಿಳಿ."

ಮೂರು ವರ್ಷದ ಕೆಳಗೆ ಹೊಸನಗರದಲ್ಲಿ ಮೇಷ್ಟ್ರೊಬ್ಬರ ಮನೆಯ ಗೋಡೆಗೆ ಅವನು ಬೆರೆಸಿದ ಅನ್ನದ ಬಿಳಿ ನೋಡಿ ಅವಳು ದಂಗಾದಳು. ಅದು ಅನ್ನದ ಬಿಳಿಯಲ್ಲ, ಚಿತ್ರಾನ್ನ. ಹೇಳಿದರೆ ಬೈದ. ಅವನು ಚಹಾಕ್ಕೆ ಹೋದಾಗ ಅವಳೇ ಹೊಸದಾಗಿ ಬೆರೆಸಿ, ಬಕೆಟ್ ಅದಲು ಬದಲು ಮಾಡಿದಳು. ಅವನು ಬಂದು ನೋಡಿ, "ಈಗ ಹೇಳು, ಅನ್ನದ ಬಿಳಿ ಹೌದಾ ಅಲ್ವಾ?" ಎಂದ. ಹೌದು ಎಂದಳು. ಅವತ್ತಿನಿಂದ ಬೆರೆಸುವುದು ಅವಳ ಕೆಲಸವಾಯಿತು. ಮಾಲೀಕರು ಬಂದಾಗ ಕೋಲು ತಿರುವುವುದು ಅವನ ಕೆಲಸ. ಒಂದು ದಿನವೂ ಅವನು ಆ ವಿಷಯ ಬಾಯಿ ಬಿಟ್ಟು ಆಡಲಿಲ್ಲ. ಒಂದು ದಿನವೂ ಒಂದು ಒಳ್ಳೆ ಮಾತು ಹೇಳಲಿಲ್ಲ.

ಪೊರೆ ತೆಗೆಸುವ ಉಚಿತ ಶಿಬಿರದ ಚೀಟಿ ಅವಳೇ ತಂದು ಕೊಟ್ಟಿದ್ದಳು. ಅವನು ಅದನ್ನು ಒಲೆಗೆ ಹಾಕಿದ.

"ಕಣ್ಣಿಗೆ ಪಟ್ಟಿ ಕಟ್ಕಂಡು ಬಣ್ಣದ ಅಂಗಡಿ ಮುಂದೆ ಓಡಾಡ್ಲಾ? ನಾಕ್ ಜನ ಬೈದ್ರೆ ಬೈಲಿ, ಕಳ್ಳ ಅಂದ್ರೆ ಅನ್ಲಿ. ಅಯ್ಯೋ ಪಾಪ ಅಂದ್ರೆ ಮಾತ್ರ ನಂಗೆ ಆಗೂದಿಲ್ಲ."

*

ಹನ್ನೊಂದು ಗಂಟೆಗೆ ಕಾರು ಬಂತು. ಪೂರ್ಣೇಶ್ ಗೌಡರು ಇಳಿದರು. ಕವಲೇದುರ್ಗದ ರಸ್ತೆಯಲ್ಲಿ ಹೊಸ ಹೋಂಸ್ಟೇ ಕಟ್ಟಿಸುತ್ತಿರುವವರು. ಅವರ ಹಿಂದೆಯೇ ಕಂಟ್ರಾಕ್ಟರ್ ಉಮೇಶ್. ಅಂಗಳದಲ್ಲಿದ್ದ ಅರ್ಧ ಜನ ಆ ಕಟ್ಟಡದಲ್ಲೇ ಗಾರೆ, ಟೈಲ್ಸು, ಪುಟ್ಟಿಯ ಕೆಲಸ ಮಾಡಿದವರು. ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟರು. ಗೌಡರು ಹೆಣದ ಕಾಲಿಗೆ ಹೂವು ಹಾಕಿ, ಒಂದು ನಿಮಿಷ ಕಣ್ಣು ಮುಚ್ಚಿ, ಕುರ್ಚಿಯನ್ನು ಯಮುನಮ್ಮನ ಹತ್ತಿರಕ್ಕೆ ಎಳೆದುಕೊಂಡರು.

"ಯಮುನಕ್ಕ, ಎಂತ ಹೇಳೂದೋ ಗೊತ್ತಾಗ್ತಿಲ್ಲ."

ಐದು ತಿಂಗಳು ಅವರ ಮನೆಯಲ್ಲಿ ಗೋಡೆ ತಿಕ್ಕಿದ್ದರೂ ಯಮುನಮ್ಮ ಅವರ ಬಾಯಲ್ಲಿ "ಏ ಇವ್ಳೇ" ಆಗಿಯೇ ಇದ್ದಳು. ಇವತ್ತು ಅಕ್ಕ. ಈ ಅಕ್ಕನ ಹಿಂದೆ ಏನಿದೆ ಎಂದು ಅವಳಿಗೆ ಆಗಲೇ ಗೊತ್ತಾಯಿತು.

"ಭಾನುವಾರ ಓಪನಿಂಗು," ಎಂದರು ಗೌಡರು, ದನಿ ತಗ್ಗಿಸಿ. "ಹಾಲಿಂದು ಎರಡು ಗೋಡೆ ಆಗಿದಾವೆ. ದೊಡ್ಡ ಗೋಡೆ ಹಂಗೇ ಉಳ್ದಿದೆ. ಆ ಏಳನೇ ನಂಬರಿನ ಬಿಳಿ ಇದ್ಯಲ್ಲ, ಅದಕ್ಕೆ ಹೂವಪ್ಪ ಎಂತೆಂತ ಹಾಕಿದ್ದ ಅಂತ ಎಲ್ಲಾದ್ರೂ ಬರ್ದಿಟ್ಟಿದ್ನಾ? ಈಗ ಕೇಳಬಾರ್ದು. ಆದ್ರೆ ರಕ್ಷಾ ರಾತ್ರಿಯಿಂದ ಅದನ್ನೇ ಹೇಳ್ತಿದಾಳೆ. ಏಳೇ ಆಗ್ಬೇಕಂತೆ."

ಯಮುನಮ್ಮ ಅವರ ಮುಖವನ್ನೇ ನೋಡಿದಳು. ಮೂರಡಿ ಆಚೆ ಒಬ್ಬ ಮನುಷ್ಯ ಸತ್ತು ಮಲಗಿದ್ದಾನೆ. ಇವರಿಗೆ ಗೋಡೆ ಬೇಕು.

*

ಗೌಡರ ಹೆಂಡತಿ ರಕ್ಷಾ ಅಮ್ಮ ಬಿಳಿ ಆರಿಸಲು ತೆಗೆದುಕೊಂಡದ್ದು ಇಪ್ಪತ್ತೆರಡು ದಿನ. ಆ ದೊಡ್ಡ ಗೋಡೆಯ ಮೇಲೆ ಹನ್ನೆರಡು ಚೌಕ ಬಳಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ನಂಬರು ಬರೆಸಿದರು. ಬೆಳಿಗ್ಗೆ ಬಂದು ನೋಡಿದರು. ದೀಪ ಹಾಕಿಸಿ ನೋಡಿದರು. ಸೋಫಾದ ಬಟ್ಟೆ ತಂದು ಹಿಡಿದು ನೋಡಿದರು. ಬಂದ ನೆಂಟರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದರು. ನೆಂಟರಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಗೌಡರು ಎಲ್ಲದಕ್ಕೂ ಚೆನ್ನಾಗಿದೆ ಎಂದು ಬೈಸಿಕೊಂಡರು. ಪ್ರತಿ ಸಲವೂ ಎರಡು ಚೌಕ ಅಳಿಸಿ ಹೊಸದಾಗಿ ಹಚ್ಚಬೇಕು. ಹಚ್ಚುವವಳು ಯಮುನಮ್ಮ.

ನಾಲ್ಕನೆಯದು ಡಬ್ಬಿಯ ಬಿಳಿ. ಏನೂ ಬೆರೆಸದ, ಕಂಪನಿಯಿಂದ ಬಂದ ಹಾಗಿನ ಬಿಳಿ. ಬೇರೆಯವನ್ನು ಅದರ ಪಕ್ಕ ಇಟ್ಟು ಅಳೆಯಲಿ ಎಂದು ಹೂವಪ್ಪ ಅದನ್ನು ಹಚ್ಚಿಸಿದ್ದ. ರಕ್ಷಾ ಅಮ್ಮ ಅದನ್ನು ನೋಡಿದ್ದೇ ಮೂಗು ಮುರಿದರು.

"ಛೆ, ಇದು ಸರ್ಕಾರಿ ಆಸ್ಪತ್ರೆ ಥರ ಇದೆ. ಇದ್ರಲ್ಲಿ ಜೀವಾನೇ ಇಲ್ಲ."

ಇಪ್ಪತ್ತೊಂದನೆಯ ದಿನ ಏಳನೆಯ ಚೌಕವನ್ನು ಮತ್ತೆ ಮಾಡಬೇಕೆಂದು ಹೇಳಿಹೋದರು. "ಸ್ವಲ್ಪ ವಾರ್ಮ್ ಆಗಿ, ಆದ್ರೆ ಹಳದಿ ಬ್ಯಾಡ, ಆದ್ರೆ ತೀರ ಬಿಳೀನೂ ಬ್ಯಾಡ." ಯಮುನಮ್ಮನಿಗೆ ಸೊಂಟ ನೋಯುತ್ತಿತ್ತು. ತಲೆ ಕೆಟ್ಟುಹೋಗಿತ್ತು. ಬೆರೆಸುವ ಗೋಜಿಗೇ ಹೋಗಲಿಲ್ಲ. ನಾಲ್ಕರ ಡಬ್ಬಿಗೇ ಬ್ರಷ್ ಅದ್ದಿ ಏಳರ ಮೇಲೆ ಎರಡು ಕೈ ಎಳೆದುಬಿಟ್ಟಳು. ನಾಳೆ ಬಂದು ಕೂಗಾಡಲಿ, ಆಮೇಲೆ ನೋಡೋಣ ಎಂದುಕೊಂಡಳು.

ಮರುದಿನ ರಕ್ಷಾ ಅಮ್ಮ ಆ ಚೌಕದ ಮುಂದೆ ನಿಂತರು. ಹಿಂದಕ್ಕೆ ಹೋದರು, ಮುಂದಕ್ಕೆ ಬಂದರು.

"ಇದೇ. ಇದನ್ನೇ ನಾನು ಹೇಳ್ತಾ ಇದ್ದಿದ್ದು ಹೂವಪ್ಪ. ನಾಲ್ಕಕ್ಕೂ ಇದಕ್ಕೂ ನೋಡಿ, ಅಜಗಜಾಂತರ."

ಯಮುನಮ್ಮ ಗಂಡನ ಕಡೆ ನೋಡಿದಳು. ಸಂಜೆ ಮನೆಗೆ ಹೋಗುವಾಗ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗಲು ಇದಕ್ಕಿಂತ ದೊಡ್ಡ ಸರಕು ಸಿಕ್ಕಲಾರದು ಎಂದುಕೊಂಡಿದ್ದಳು. ಹೂವಪ್ಪ ಗೋಡೆಯ ಹತ್ತಿರ ಹೋದ. ಕಣ್ಣು ಕಿರಿದು ಮಾಡಿದ. ತಲೆ ಓರೆ ಮಾಡಿ ಗಂಭೀರವಾಗಿ ಹೇಳಿದ:

"ಹೌದಮ್ಮ. ನಾಕು ಸತ್ತ ಬಿಳಿ. ಏಳರಲ್ಲಿ ಒಂಚೂರು ಕೆನೆ ಇದೆ."

ಅವನು ತಮಾಷೆ ಮಾಡುತ್ತಿರಲಿಲ್ಲ. ಅವಳ ಕಡೆ ತಿರುಗಿ ಕಣ್ಣು ಹೊಡೆಯಲಿಲ್ಲ. ಆ ಕೆನೆಯನ್ನು ಅವನು ನಿಜವಾಗಿಯೂ ಕಂಡಿದ್ದ. ಮೂವತ್ತೆಂಟು ವರ್ಷ ಯಾರನ್ನು ಆಡಿಕೊಂಡು ನಕ್ಕರೋ ಆ ಜನರ ಸಾಲಿನಲ್ಲಿ ಅವನೂ ಹೋಗಿ ನಿಂತುಬಿಟ್ಟಿದ್ದ. ಯಮುನಮ್ಮನಿಗೆ ಗಂಡನ ಮೇಲೆ ಅಷ್ಟು ತಾತ್ಸಾರ ಎಂದೂ ಬಂದಿರಲಿಲ್ಲ. ಅವತ್ತು ಬಸ್ಸಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಅವನು ಎಂತಕ್ಕೆ ಅಂತ ಕೇಳಲೂ ಇಲ್ಲ. ಅದಾಗಿ ಎಂಟು ದಿನವೂ ಆಗಿರಲಿಲ್ಲ.

*

"ಬರ್ದಿಟ್ಟಿಲ್ಲ," ಎಂದಳು ಯಮುನಮ್ಮ.

"ನಿಮಗಾದ್ರೂ ಅಂದಾಜು ಇರ್ಬೇಕಲ್ಲ ಅಕ್ಕ, ಜೊತೇಲೇ ಇದ್ದೋರು. ಗೊತ್ತಿದ್ರೆ ನೀವೇ ಬಂದು ಮಾಡಿ. ಮೂರನೇ ದಿನಕ್ಕೇ ಬನ್ನಿ ಅಂತ ಹೇಳೂದು ತಪ್ಪು, ಆದ್ರೂ ನೋಡಿ. ಅದೊಂದು ಆದ್ರೆ ಸಾಗರದಲ್ಲಿ ನಮ್ಮಣ್ಣಂದು ಲಾಡ್ಜಿದೆ, ಮೂವತ್ತು ರೂಮು. ಅದೂ ನಿಮಗೇ. ಹೆಲ್ಪರ್ ಅಲ್ಲ, ಪೇಂಟರ್ ಅಂತಾನೇ."

ಯಮುನಮ್ಮನ ಕಿವಿಗೆ ಬಿದ್ದದ್ದು ಪೇಂಟರ್ ಎಂಬ ಮಾತೊಂದೇ. ಮೂವತ್ತೆಂಟು ವರ್ಷ ಕಾದ ಮಾತು ಇಂಥ ಬಾಯಲ್ಲಿ, ಇಂಥ ದಿನ ಬರಬೇಕೆ? ಬೆರೆಸಿದ್ದು ನಾನೇ, ಮೂರು ವರ್ಷದಿಂದ ನಾನೇ ಎಂದು ಒಂದು ಮಾತು ಹೇಳಿದರೆ ನಾಳೆಯ ಊಟಕ್ಕೆ ಚಿಂತೆಯಿಲ್ಲ. ಹೇಳದಿದ್ದರೆ, ಗಂಡ ಸತ್ತ ಹೆಲ್ಪರ್ ಹೆಂಗಸಿಗೆ ಯಾರು ಕೆಲಸ ಕೊಡುತ್ತಾರೆ? ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಉಮೇಶ್ ಕಿಸಕ್ಕೆಂದ.

"ಅವ್ರಿಗೆಂತಕ್ಕೆ ತೊಂದ್ರೆ ಕೊಡ್ತೀರಿ ಗೌಡ್ರೆ. ಹೂವಪ್ಪಣ್ಣ ಎದೆ ಉರಿ ಅಂತ ಮಲಗಿದ ದಿನಾನೇ ನಾನು ಎಲ್ಲಾ ಚೌಕದ್ದೂ ಚಕ್ಕೆ ಕೆತ್ತಿ ಶಿವಮೊಗ್ಗಕ್ಕೆ ಕಳ್ಸಿದ್ದೆ. ಅಲ್ಲಿ ಮೆಷಿನ್ನು ನೋಡಿ ನಂಬರ್ ಹೇಳ್ತದೆ. ಈಗ ಬಂತು ರಿಪೋರ್ಟು." ಮೊಬೈಲನ್ನು ಗೌಡರ ಮುಂದೆ ಹಿಡಿದ. "ಏಳರಲ್ಲಿ ಎಂತದೂ ಇಲ್ಲ. ಬರೀ ಡಬ್ಬಿ ಬಿಳಿ. ನಾಕೂ ಅದೇ, ಏಳೂ ಅದೇ."

ಗೌಡರು ಮೊಬೈಲನ್ನು ಎರಡು ಸಲ ಓದಿದರು. ಮುಖ ಕೆಂಪಗಾಯಿತು. ಹೆಂಡತಿ ಕರೆಸಿದ ನೆಂಟರೆಲ್ಲ ಕಣ್ಣ ಮುಂದೆ ಬಂದಿರಬೇಕು.

"ಹಂಗಾದ್ರೆ ಹೂವಪ್ಪ ನಂಗೆ ಟೋಪಿ ಹಾಕಿದ್ನಾ?"

ತಗ್ಗಿದ ದನಿ ಮರೆತುಹೋಗಿತ್ತು. ಅಂಗಳಕ್ಕೆಲ್ಲ ಕೇಳಿಸಿತು. ಕವನಾ ಎದ್ದು ನಿಂತಳು.

"ಅಪ್ಪ ಅಂಥೋರಲ್ಲ. ಅಮ್ಮ, ಹೇಳಮ್ಮ."

ರವೀಂದ್ರ ಅವರಿಗೆ ಸಭೆಯಲ್ಲಿ ಮೌನ ಎಂದರೆ ಆಗದು. ಮಧ್ಯೆ ಬಂದರು.

"ಬಿಡಿ ಗೌಡ್ರೆ, ಟೋಪಿ ಗೀಪಿ ಅಲ್ಲ. ವಯಸ್ಸಾಗಿತ್ತು. ಕಣ್ಣು ಸ್ವಲ್ಪ ಮಂಜಾಗಿರ್ಬೇಕು, ಹೇಳಕ್ಕೆ ನಾಚಿಕೆ. ನಂಗೂ ಒಂದೆರಡು ಸಲ ಹಂಗನ್ಸಿತ್ತು."

"ಹೌದ?" ಎಂದರು ಯಾರೋ. "ಅಯ್ಯೋ ಪಾಪ." ಇನ್ನೊಬ್ಬರು ನಾಲಿಗೆ ಲೊಚಗುಟ್ಟಿದರು. ಅರ್ಧ ಗಂಟೆಯ ಹಿಂದೆ ಆ ಕಣ್ಣನ್ನು ದಾನ ಕೇಳಿದವರೇ ಈಗ ಅದಕ್ಕೆ ಮರುಕಪಡುತ್ತಿದ್ದರು. ಬೆಳ್ಳಮ್ಮನಂತೂ ಹೆಣದ ಮುಖವನ್ನು ಕುರುಡು ಮಗುವನ್ನು ನೋಡುವ ಹಾಗೆ ನೋಡತೊಡಗಿದಳು.

ಯಮುನಮ್ಮ ಎದ್ದು ನಿಂತಳು.

"ಅವ್ರ ಕಣ್ಣಿಗೆ ಎಂತದೂ ಆಗಿರ್ಲಿಲ್ಲ," ಎಂದಳು. "ಬೇಕು ಅಂತ್ಲೇ ಹೊಡ್ದಿದ್ದು."

"ಎಂತ?" ಎಂದರು ಗೌಡರು.

"ನಾಕೂ ಏಳೂ ಒಂದೇ ಡಬ್ಬೀದು. ಇಷ್ಟ್ ದೊಡ್ಡ ಮನೇಲಿ ಯಾರಿಗಾದ್ರೂ ಕಣ್ಣುಂಟಾ ನೋಡಣ ಅಂದ್ರು. ನಾಕು ಸತ್ತ ಬಿಳಿ, ಏಳರಲ್ಲಿ ಕೆನೆ ಇದೆ ಅಂತ ಅವ್ರೇ ಹೇಳಿದ್ರು. ನಿಮ್ಮನೇರು ಹೌದು ಅಂದ್ರು. ನೀವೂ ಹೌದು ಅಂದ್ರಿ. ಬಸ್ಸಲ್ಲಿ ಬರ್ತಾ ಇಬ್ರೂ ನಕ್ಕಿದ್ದೇ ನಕ್ಕಿದ್ದು."

ಆ ಕೊನೆಯ ಮಾತೂ ಸುಳ್ಳೇ. ಆಗಬೇಕಾಗಿದ್ದ ಆ ನಗು ಆಗದೇ ಹೋದದ್ದಕ್ಕೆ ಅವಳಿಗೆ ಈಗ ತಡೆಯಲಾರದಷ್ಟು ದುಃಖವಾಯಿತು.

ಮೊದಲು ನಕ್ಕವನು ಪುಟ್ಟಿ ಕೆಲಸದ ಸಚಿನ್. ಕೆಮ್ಮಿನಂತೆ ಒಂದು ಸದ್ದು ಬಂತು, ಮುಖ ತಿರುಗಿಸಿಕೊಂಡ. ಅವನ ಪಕ್ಕದವನು ಟವೆಲ್ಲನ್ನು ಬಾಯಿಗೆ ತುರುಕಿಕೊಂಡ. ಆ ಹನ್ನೆರಡು ಚೌಕಗಳ ಮುಂದೆ ಏಣಿ ಹಿಡಿದು ಕಾದವರು ಅವರೆಲ್ಲ. ಕವನಾ ಅಳುತ್ತಿದ್ದವಳು ನಕ್ಕಳು, ಮತ್ತೆ ಅತ್ತಳು.

"ಉಳ್ದ ಗೋಡೆ ಉಮೇಶ್ ನೋಡ್ಕಳ್ತಾನೆ," ಎಂದರು ಪೂರ್ಣೇಶ್ ಗೌಡರು, ಯಾರ ಮುಖವನ್ನೂ ನೋಡದೆ. ಅಕ್ಕ ಅನ್ನಲಿಲ್ಲ.

"ನೋಡ್ಕಳ್ಳಿ," ಎಂದಳು ಯಮುನಮ್ಮ. ಸಾಗರದ ಮೂವತ್ತು ರೂಮು ಕಣ್ಣೆದುರೇ ಹೋದವು.

ಬಾಯಿಗೆ ಅಕ್ಕಿ ಹಾಕುವ ಹೊತ್ತಾಯಿತು. ಯಮುನಮ್ಮ ಬಗ್ಗಿ, ನಾಲ್ಕು ಕಾಳು ಅವನ ತುಟಿಯ ಮೇಲೆ ಹಾಕಿ, ಬೇರೆ ಯಾರಿಗೂ ಕೇಳಿಸದಂತೆ ಕಿವಿಯಲ್ಲಿ ಹೇಳಿದಳು:

"ಹೊಡ್ದಿದ್ದು ನಾನು. ಏಳನೇದು. ನಿಮಗೂ ಕಾಣ್ಲಿಲ್ಲ."

ಬೈಸಿಕೊಳ್ಳುವ ಆಸೆಯಾಗಿ ಒಂದು ಗಳಿಗೆ ಹಾಗೇ ಬಗ್ಗಿಕೊಂಡೇ ಇದ್ದಳು. ಬೆಳ್ಳಮ್ಮ ಎಬ್ಬಿಸಿದಳು.

ಚಟ್ಟ ಎತ್ತುವಾಗ ಮೂರು ಹೆಗಲು ಸಿಕ್ಕವು, ನಾಲ್ಕನೆಯದಕ್ಕೆ ಬೇಕೆಂದೇ ಯಾರೂ ಮುಂದೆ ಬರಲಿಲ್ಲ. "ಗೌಡ್ರೆ, ಒಂದು ಕೈ ಹಾಕಿ," ಎಂದ ಸಚಿನ್, ಬಹಳ ಮರ್ಯಾದೆಯಿಂದ. ಇಷ್ಟು ಜನರ ಎದುರು ಒಲ್ಲೆ ಎನ್ನುವಂತಿರಲಿಲ್ಲ. ಕಾರಿನ ಕೀಲಿಯನ್ನು ಉಮೇಶನ ಕೈಗೆ ಕೊಟ್ಟು ಗೌಡರು ಹಿಂದಿನ ಮೂಲೆಗೆ ಹೆಗಲು ಕೊಟ್ಟರು.

ಹೆಂಗಸರು ಗೇಟಿನಲ್ಲೇ ನಿಂತರು. ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ಹೋಗುತ್ತಿದ್ದವರ ಬೆನ್ನು ಮಾತ್ರ ಕಾಣುತ್ತಿತ್ತು. ಮುಂದೆ ಹೊತ್ತಿದ್ದ ಸಚಿನ್ ಪಕ್ಕದವನಿಗೆ ಏನೋ ಹೇಳಿದ. "ನಾಕು" ಎಂಬ ಮಾತು ಗಾಳಿಯಲ್ಲಿ ಇಲ್ಲಿಯತನಕ ಬಂತು. ಹೊತ್ತ ಮೂವರ ಹೆಗಲು ಕುಲುಕತೊಡಗಿದವು. ನಗು ಹಿಡಿದುಕೊಳ್ಳಲು ಅವರು ನಡಿಗೆ ನಿಧಾನ ಮಾಡಿದರು, ಆದರೂ ನಿಲ್ಲಲಿಲ್ಲ. ಹೂವಪ್ಪ ಚಟ್ಟದ ಮೇಲೆ ಅವರ ಜೊತೆಗೆ ಕುಲುಕುತ್ತ ಹೋದ. ಹಿಂದಿನ ಮೂಲೆಯಲ್ಲಿ ಪೂರ್ಣೇಶ್ ಗೌಡರ ಹೆಗಲೊಂದು ಮಾತ್ರ ನೆಟ್ಟಗಿತ್ತು.